ಬಲಗೈ ಕಂಡ ಕನಸು

ಮಧ್ಯಾಹ್ನದ ಊಟ ಮುಗಿದು, ಕಿಟಕಿಗಳ ಪರದೆ ಇಳಿದು, ಆಸ್ಪತ್ರೆಯ ಮೇಲಂತಸ್ತಿನ ಉದ್ದನೆಯ ಕೋಣೆಯಲ್ಲಿ ಎಲ್ಲರಿಗೂ ಜೊಂಪು ಹತ್ತಿದ ಮೇಲೆ ಕೈಗಳು ಏಳುತ್ತಿದ್ದವು. ಕೈಗಳ ಒಡೆಯರು ಬಾಯಿ ತೆರೆದು ಗೊರಕೆ ಹೊಡೆಯುತ್ತಲೇ ಇರುತ್ತಿದ್ದರು. ಬೆಳಗಿನಿಂದ ಕಟ್ಟಿಗೆಯಂತೆ ಮಗ್ಗುಲಲ್ಲಿ ಬಿದ್ದಿದ್ದ ಕೈ ಮಾತ್ರ ಮೆಲ್ಲಗೆ ಹಾಸಿಗೆ ಬಿಟ್ಟು ಮೇಲೆದ್ದು, ಗಾಳಿಯಲ್ಲಿ ತನ್ನ ಪಾಡಿಗೆ ತಾನು ಕೆಲಸ ಶುರುಮಾಡುತ್ತಿತ್ತು. ಟೇಲರ್ ಮೌಲಾಸಾಬರ ಕೈ ಇಲ್ಲದ ಬಟ್ಟೆಗೆ ಇಲ್ಲದ ಕತ್ತರಿ ಆಡಿಸುತ್ತಿತ್ತು. ನಿವೃತ್ತ ಮಾಸ್ತರರೊಬ್ಬರ ಕೈ ಇಲ್ಲದ ಹಲಗೆಯ ಮೇಲೆ ಬರೆದು, ಅಂಗೈಯಿಂದ ಒರೆಸಿ, ಮತ್ತೆ ಬರೆಯುತ್ತಿತ್ತು. ಕಿಟಕಿ ಪಕ್ಕದ ಸಾಹುಕಾರರು ತಮ್ಮ ಗಟ್ಟಿ ಕೈಯಿಂದ ದಿನವಿಡೀ ಫೋನು ಉಜ್ಜುವುದೊಂದನ್ನು ಬಿಟ್ಟು ಬೇರೇನೂ ಮಾಡಿದವರಲ್ಲ. ಬಿತ್ತಿದಂತೆ ಬೆಳೆ ಎನ್ನುವ ಹಾಗೆ ಅವರ ಸೋತ ಕೈಯ ಹೆಬ್ಬೆರಳು ನಿದ್ದೆಯಲ್ಲಿ ಗಾಳಿಯನ್ನು ಉಜ್ಜುತ್ತಿತ್ತು. ನರ್ಸುಗಳು ಚಪ್ಪಲಿ ಕಳಚಿಟ್ಟು ಆ ಕೈಗಳ ನಡುವೆ ಸದ್ದಿಲ್ಲದೆ ಓಡಾಡುತ್ತಿದ್ದರು.

ಡಾಕ್ಟರರು ಇದಕ್ಕೊಂದು ಉದ್ದನೆಯ ಹೆಸರಿಟ್ಟಿದ್ದರು. ಗದಗಿನ ಮಂದಿ ಕೈಗನಸು ಎಂದು ಕರೆದು ಮುಗಿಸಿದ್ದರು.

ವಿಷಯ ಇಷ್ಟು. ಬಲಗೈಯನ್ನು ಆಡಿಸುವುದು ಮೆದುಳಿನ ಎಡಭಾಗ, ಎಡಗೈಯನ್ನು ಬಲಭಾಗ. ಎರಡರ ನಡುವೆ ನರಗಳ ಸೇತುವೆಯೊಂದಿದೆ. ಒಂದು ಕೈ ಮೈಮುರಿದು ದುಡಿದರೆ ಆ ದುಡಿಮೆಯ ಸುದ್ದಿ ಒಂದಿಷ್ಟು ಸೇತುವೆ ದಾಟಿ ಆಚೆಗೂ ಹೋಗುತ್ತದೆ. ಒಂದೇ ಕೈಗೆ ವ್ಯಾಯಾಮ ಮಾಡಿಸಿದರೂ ಸುಮ್ಮನಿದ್ದ ಕೈಗೆ ತುಸು ಬಲ ಬರುತ್ತದೆಂದು ವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಆದರೆ ದಾಟುವುದು ಪಿಸುಮಾತಿನಷ್ಟು. ಹೊಸದಾಗಿ ಬಂದ, ಹಣೆಗೆ ಸುತ್ತುವ ತಲೆಪಟ್ಟಿ ಎಂಬ ಯಂತ್ರ ಆ ಪಿಸುಮಾತನ್ನು ಬೆಳಿಗ್ಗೆ ಕೇಳಿಸಿಕೊಂಡು, ಮಧ್ಯಾಹ್ನದ ನಿದ್ದೆಯಲ್ಲಿ ಮೆದುಳು ಸಡಿಲವಾದಾಗ, ಲಕ್ವ ಹೊಡೆದ ಭಾಗಕ್ಕೆ ಅದನ್ನೇ ಗಟ್ಟಿಯಾಗಿ ಹೇಳುತ್ತಿತ್ತು. ಬೆಳಿಗ್ಗೆ ಗಟ್ಟಿ ಕೈ ಏನು ಮಾಡಿತೋ ಮಧ್ಯಾಹ್ನ ಸೋತ ಕೈ ಅದರ ಕನಸು ಕಾಣುತ್ತಿತ್ತು. ಕಾಣುತ್ತ ಕಾಣುತ್ತ ಒಂದು ದಿನ ಎಚ್ಚರವಿದ್ದಾಗಲೂ ಏಳುತ್ತಿತ್ತು. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂಬ ಹಿರಿಯರ ಮಾತು ಆ ಕೋಣೆಯೊಳಗೆ ನಡೆಯುತ್ತಿರಲಿಲ್ಲ.

ಬಾಗಿಲ ಹತ್ತಿರದ ಮಂಚ ಸಾವಂತ್ರೆವ್ವನದು. ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ಸಾವಂತ್ರೆವ್ವ ಎಂದರೆ ಊರಿಗೆಲ್ಲ ಗೊತ್ತು. ಬಡಿದರೆ ಕಾಗದದಂಥ ರೊಟ್ಟಿ, ನೀಡಿದರೆ ತಾಟು ತುಂಬ ನೀಡಬೇಕು, ಅದೂ ತಾನೇ ನೀಡಬೇಕು. ಎಡಗೈಯಲ್ಲಿ ಉಪ್ಪಿನ ಬಟ್ಟಲನ್ನು ಕೂಡ ಯಾರ ಮುಂದೂ ಸರಿಸಿದವಳಲ್ಲ. ಬಲಗೈ ಉಣ್ಣಲಿಕ್ಕೆ, ನೀಡಲಿಕ್ಕೆ, ದೀಪ ಹಚ್ಚಲಿಕ್ಕೆ. ಎಡಗೈ ತೊಳೆಯಲಿಕ್ಕೆ, ಬಳಿಯಲಿಕ್ಕೆ, ಹಿಂಡಲಿಕ್ಕೆ. ಅತ್ತೆ ಕಲಿಸಿದ್ದು ಇದು, ಅತ್ತೆಗೆ ಅವಳ ಅತ್ತೆ ಕಲಿಸಿದ್ದು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ ಬಲಗೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು. ಎತ್ತಿದರೆ ಏಳದು. ದೇವರು ದೊಡ್ಡವನು, ಮಾತು ಉಳಿಯಿತು, ಕಾಲು ಬೇಗ ಚೇತರಿಸಿತು. ಕೈ ಮಾತ್ರ ಹೋಯಿತು.

ಅವಳಿಗೆ ಒಬ್ಬಳೇ ಮಗಳು, ಕಸ್ತೂರಿ, ರೋಣಕ್ಕೆ ಕೊಟ್ಟವಳು. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಅವಳ ಹೊಟ್ಟೆಯಲ್ಲಿ ಕೂಸು ನಿಂತಿತ್ತು. ಏಳನೇ ತಿಂಗಳಿಗೆ ಕುಬಸ ಮಾಡಬೇಕು. ಹಸಿರು ಸೀರೆ ಉಡಿಸಿ, ಮುಂದೆ ಕೂರಿಸಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು ಹಾಕಿ ಉಡಿ ತುಂಬಬೇಕು. ತಾಯಿಯ ಬಲಗೈ ಮುಂದಾಗಿ ತುಂಬಬೇಕು. ಆಸ್ಪತ್ರೆಗೆ ಬಂದ ಮೊದಲ ದಿನವೇ ಸಾವಂತ್ರೆವ್ವ ಡಾಕ್ಟರ್ ಶಾಹಿನಾ ನದಾಫ್‌ಗೆ ಹೇಳಿದ್ದು ಒಂದೇ ಮಾತು: ಬೇರೆ ಏನೂ ಬೇಡ, ಕುಬಸದ ದಿನಕ್ಕೆ ಈ ಕೈ ಬೇಕು.

ಶಾಹಿನಾ ಚಿಕ್ಕ ವಯಸ್ಸಿನವಳು, ಲಕ್ಷ್ಮೇಶ್ವರದ ಕಡೆಯವಳು. ಆಗಬಹುದು ಎಂದಳು. ಮುಂಜಾನೆ ಆಸ್ಪತ್ರೆಯಲ್ಲಿ ಎಡಗೈಗೆ ರಬ್ಬರ್ ಚೆಂಡು ಹಿಸುಕುವುದು, ತೂಕ ಎತ್ತುವುದು, ಊಟ ನಿದ್ದೆ ಮುಗಿಸಿ ಸಂಜೆಗೆ ಮನೆಗೆ ಮರಳುವುದು. ಮನೆಗೆ ಹೋದರೆ ಎಲ್ಲಾ ಕೆಲಸ ಆ ಕೈಯಲ್ಲೇ ಮಾಡಬೇಕು, ಹಟ ಹಿಡಿದು ಮಾಡಬೇಕು ಎಂದು ತಿಳಿಸಿ ಹೇಳಿದಳು. ತಲೆಪಟ್ಟಿ ಮನೆಯಲ್ಲೂ ತಲೆಯ ಮೇಲಿರುತ್ತಿತ್ತು.

ಸಾವಂತ್ರೆವ್ವ ಹಟಕ್ಕೆ ಹೆಸರಾದವಳು. ಎಡಗೈಯಿಂದ ಖಾನಾವಳಿಯ ತಾಟುಗಳನ್ನೆಲ್ಲ ತಿಕ್ಕಿದಳು. ಅಂಗಳ ಬಳಿದಳು. ಬಟ್ಟೆ ಹಿಂಡಿದಳು, ಒಂದು ತುದಿಯನ್ನು ಕಾಲಡಿ ಒತ್ತಿ ಹಿಡಿದು ಹನಿ ನೀರು ಉಳಿಯದ ಹಾಗೆ ಹಿಂಡಿದಳು. ಊಟದ ಹೊತ್ತಿಗೆ ಮಾತ್ರ ಗಂಡ ಬಸಲಿಂಗಪ್ಪ ಎದುರು ಕುಳಿತು ತುತ್ತು ಮಾಡಿ ಅವಳ ಬಾಯಿಗಿಡುತ್ತಿದ್ದ. ಮದುವೆಯ ದಿನ ನೆಂಟರ ಒತ್ತಾಯಕ್ಕೆ ಒಂದು ತುತ್ತು ಇಟ್ಟಿದ್ದನ್ನು ಬಿಟ್ಟರೆ ಆ ಮನುಷ್ಯ ಹೆಂಡತಿಗೆ ಉಣಿಸಿದವನಲ್ಲ. ಈಗ ಆಸ್ಪತ್ರೆಗೂ ಬುತ್ತಿ ಹೊತ್ತು ಬರುತ್ತಿದ್ದ. ಅವನು ಬಂದ ಕೂಡಲೇ ನರ್ಸು ಮಂಚದ ಸುತ್ತ ಪರದೆ ಎಳೆದು ಆಚೆ ಹೋಗುತ್ತಿದ್ದಳು. ಗಂಡ-ಹೆಂಡತಿ ಸಂಗತಿ, ನೋಡಬಾರದು ಎಂಬ ಮರ್ಯಾದೆ. ಪರದೆಯೊಳಗೆ ಬಸಲಿಂಗಪ್ಪ ರೊಟ್ಟಿ ಮುರಿದು, ಪಲ್ಲೆ ಹಚ್ಚಿ, ಮೊದಲು ಖಾರ ನೋಡಿ ಆಮೇಲೆ ಕೊಡುತ್ತಿದ್ದ. ಸಾವಂತ್ರೆವ್ವನಿಗೆ ಅದು ಬಹಳ ಹಿಡಿಸಿತ್ತು. ಬಾಯಿಬಿಟ್ಟು ಹೇಳುವ ಪೈಕಿ ಅವಳಲ್ಲ, ಅಷ್ಟೇ.

ಊಟವಾದ ಮೇಲೆ ನಿದ್ದೆ. ನಿದ್ದೆಯಲ್ಲಿ ಅವಳ ಬಲಗೈ ಎದ್ದು ಗಾಳಿಯಲ್ಲಿ ತಾಟು ತಿಕ್ಕಿತು, ಅಂಗಳ ಬಳಿಯಿತು, ಬಟ್ಟೆ ಹಿಂಡಿತು. ಅವಳಿಗೂ ಕನಸು ಬೀಳುತ್ತಿತ್ತು: ಹಿತ್ತಲಲ್ಲಿ ನೀರು ಹರಿಯುತ್ತಿದೆ, ನೀರೊಳಗೆ ಎರಡು ಕೈಗಳಿವೆ, ಯಾವುದು ಯಾವುದೆಂದು ತಿಳಿಯದು. ಆ ಕನಸಿನಿಂದ ಏಳಲು ಮನಸ್ಸಾಗುತ್ತಿರಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಕೈ ಎಚ್ಚರದಲ್ಲೇ ಎದ್ದಿತು. ಶಾಹಿನಾ ತನ್ನ ಕೈ ಕೊಟ್ಟು ಹಿಡಿಯಿರಿ ಎಂದಾಗ ಸಾವಂತ್ರೆವ್ವ ಹಿಡಿದ ಹಿಡಿತಕ್ಕೆ ಪಾಪ ಡಾಕ್ಟರು ಅವ್ವಾ ಎಂದು ಕೂಗಿಕೊಂಡಳು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಬಸಲಿಂಗಪ್ಪ ಬುತ್ತಿ ಬಿಚ್ಚಿದ. ಅಂದು ಪರದೆ ಎಳೆಯಲಿಲ್ಲ, ಎಲ್ಲರೂ ನೋಡಲಿ ಎಂದು. ಇವತ್ತು ನಾನೇ ಉಣ್ಣುತ್ತೇನೆ ಎಂದು ಸಾವಂತ್ರೆವ್ವ ಗಂಡನ ಕೈ ಸರಿಸಿ ಬಲಗೈಯನ್ನು ತಾಟಿಗೆ ಚಾಚಿದಳು.

ಕೈ ರೊಟ್ಟಿಯನ್ನು ಎತ್ತಿತು. ಎತ್ತಿ, ಹಿಂಡಿತು.

ರೊಟ್ಟಿ ಪುಡಿಪುಡಿಯಾಗಿ ಸೀರೆಯ ಮೇಲೆ ಬಿತ್ತು. ಎರಡನೇ ಸಲ ಚಾಚಿದರೆ ಪಲ್ಲೆಯನ್ನು ತಾಟಿನ ತುಂಬ ತಿಕ್ಕಿತು. ಬಾಯಿಗೆ ಬಾ ಎಂದು ಅವಳು ಮನಸ್ಸಿನಲ್ಲಿ ಎಷ್ಟು ಬೇಡಿಕೊಂಡರೂ ಎದೆಯ ಮಟ್ಟಕ್ಕೆ ಬಂದು ದಾರಿ ತಪ್ಪಿದವರ ಹಾಗೆ ನಿಂತಿತು. ಬಸಲಿಂಗಪ್ಪ ಮೊಣಕೈ ಹಿಡಿದು ಬಾಯಿಯ ತನಕ ಒಯ್ದ. ಆಗ ಬೆರಳುಗಳು ಅವಳ ತುಟಿಯನ್ನೂ ಗಲ್ಲವನ್ನೂ ತೊಳೆದವು, ಮಕ್ಕಳ ಮೈ ತೊಳೆಯುವ ಹಾಗೆ. ಯಾರೂ ನಗಲಿಲ್ಲ. ಸಾವಂತ್ರೆವ್ವ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

“ಇದು ನನ್ನ ಕೈ ಅಲ್ರಿ,” ಎಂದಳು. “ಇನ್ನೊಂದು ಎಡಗೈ ಹಚ್ಚೀರಿ ನಂಗ.”

ಶಾಹಿನಾ ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದಳು. ಅದು ತಲೆಪಟ್ಟಿಗಳ ಸುದ್ದಿಯೆಲ್ಲ ಬಂದು ಸೇರುವ ಜಾಗ. ಗೋಡೆ ತುಂಬ ಬೆಳಕಿನ ಗೆರೆಗಳು, ಒಬ್ಬೊಬ್ಬರ ಕೈಗೆ ಒಂದೊಂದು ಗೆರೆಗಳ ಗುಂಪು. ಸಾವಂತ್ರೆವ್ವನದನ್ನು ದೊಡ್ಡದು ಮಾಡಿ ಶಾಹಿನಾ ಬಹಳ ಹೊತ್ತು ನೋಡಿದಳು. ತಿಕ್ಕುವ ಗೆರೆ ದಪ್ಪಗಿತ್ತು, ಹಿಂಡುವ ಗೆರೆ ದಪ್ಪಗಿತ್ತು. ತಾಟಿನಿಂದ ಬಾಯಿಗೆ ಹೋಗುವ ಗೆರೆ ಇರಲೇ ಇಲ್ಲ. ಯಂತ್ರ ಕೆಟ್ಟಿರಬೇಕೆಂದು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡಿದಳು. ನೋಡುತ್ತ, ಮೇಜಿನ ಮೇಲಿದ್ದ ಚುರುಮುರಿಗೆ ಕೈ ಹಾಕುವ ಮೊದಲು ಬಲಗೈಯಲ್ಲಿದ್ದ ಪೆನ್ನನ್ನು ಎಡಗೈಗೆ ದಾಟಿಸಿದಳು. ಸಾವಂತ್ರೆವ್ವ ಅದನ್ನು ನೋಡಿದಳು. ಸಾವಂತ್ರೆವ್ವ ನೋಡಿದ್ದನ್ನು ಶಾಹಿನಾ ನೋಡಿ, ಚುರುಮುರಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು.

ಎಡಗೈಯಿಂದ ಒಂದು ಸಲವಾದರೂ ಉಂಡಿದ್ದೀರಾ ಎಂದು ಕೇಳಿದಳು. ಸಾವಂತ್ರೆವ್ವನಿಗೆ ಆ ಪ್ರಶ್ನೆಯೇ ಅಸಹ್ಯವೆನಿಸಿತು. ಎಲ್ಲಾ ಕೆಲಸ ಎಂದು ನೀವು ಹೇಳಿದಿರಿ, ಎಡಗೈಯ ಎಲ್ಲಾ ಕೆಲಸವನ್ನೂ ಮಾಡಿದೆ ಎಂದಳು. ಶಾಹಿನಾ ತಲೆಯ ಮೇಲೆ ಕೈಯಿಟ್ಟುಕೊಂಡಳು. ಈ ತಲೆಪಟ್ಟಿ ಮಾಡಿದವರ ನಾಡಿನಲ್ಲಿ ಯಾವ ಕೈ ಸಿಕ್ಕರೆ ಆ ಕೈಯಲ್ಲಿ ಉಣ್ಣುತ್ತಾರೆ. ಅವರಿಗೆ ಇದು ಹೊಳೆಯುವ ಮಾತೇ ಅಲ್ಲ. ಹೊಳೆಯಬೇಕಾದವಳು ತಾನು. ಊಟದ ಹೊತ್ತಿಗೆ ಆ ಪರದೆಯನ್ನು ದಿನಾ ಕಂಡವಳು ತಾನು.

“ನಮ್ಮಜ್ಜಿ ನನ್ನ ಎಡಗೈ ಮ್ಯಾಲ ಎಷ್ಟ್ ಸಲ ಹೊಡದಾಳೋ, ಅಕ್ಕಾ,” ಎಂದಳು. “ಆದ್ರೂ ನಿಮಗ ಕೇಳಬೇಕಂತ ತಿಳೀಲಿಲ್ಲ ನಂಗ. ತಪ್ಪು ನಂದ.”

ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಬಲಗೈಗೆ ಮೊದಲು ಬರುತ್ತಿದ್ದ ವಿದ್ಯೆಯೆಲ್ಲ ಇದ್ದ ಜಾಗ ಲಕ್ವದಲ್ಲಿ ಸುಟ್ಟುಹೋಗಿದೆ. ಅದರ ಸುತ್ತ ಉಳಿದ ಜಾಗಕ್ಕೆ ಇನ್ನು ಹೋಗುವುದು ಎಡಗೈ ಕಳಿಸಿದ್ದು ಮಾತ್ರ. ಎಡಗೈ ಉಂಡರೆ ಬಲಗೈ ಉಂಡೀತು, ಎಡಗೈ ನೀಡಿದರೆ ಬಲಗೈ ನೀಡೀತು. ಅದೂ ಆ ಜಾಗ ಹೊಸದನ್ನು ಕಲಿಯುವಷ್ಟು ಹಸಿಯಾಗಿರುವ ತನಕ. ಗೋಡೆಗೆ ಬಳಿದ ಮಣ್ಣಿನ ಹಾಗೆ ಅದು ಒಣಗುತ್ತ ಬಂದಿದೆ, ಹೆಚ್ಚೆಂದರೆ ಒಂದು ತಿಂಗಳು. ಸಾವಂತ್ರೆವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕುಬಸವೂ ಅಷ್ಟರೊಳಗೇ ಬರುತ್ತಿತ್ತು. ಹಾಗಾದರೆ ಉಂಡ ಹಾಗೆ, ನೀಡಿದ ಹಾಗೆ ಸುಮ್ಮನೆ ಎಡಗೈ ಆಡಿಸಿದರೆ ಸಾಲದೇ ಎಂದು ಕೇಳಿದಳು. ಅಲ್ಲೇ ಆಡಿಸಿಯೂ ನೋಡಿದರು. ಗೋಡೆಯ ಮೇಲೆ ಗೆರೆ ಹುಟ್ಟಿತು, ಸೇತುವೆಯ ತನಕ ಬಂತು, ದಾಟದೆ ಆರಿತು.

“ಆಟಕ್ಕ ಮಾಡಿದ್ದು ದಾಟೂದಿಲ್ಲಕ್ಕಾ,” ಎಂದಳು ಶಾಹಿನಾ. “ಮನಸಿಟ್ಟು ಮಾಡಿದ್ದಷ್ಟ ದಾಟತೈತಿ.”

ಮರುದಿನ ಅವಳು ಆಸ್ಪತ್ರೆಗೆ ಹೋಗಲಿಲ್ಲ. ಮಧ್ಯಾಹ್ನ ಖಾನಾವಳಿ ತುಂಬಿತ್ತು. ಒಳಗೆ ಕದ್ದು ಉಣ್ಣುವುದಾದರೆ ಅದು ಅರ್ಧ ಮನಸ್ಸಿನದಾಗುತ್ತದೆಂದು ಸಾವಂತ್ರೆವ್ವ ಪಡಸಾಲೆಯಲ್ಲೇ ಗಿರಾಕಿಗಳ ನಡುವೆ ತಾಟಿನ ಮುಂದೆ ಕುಳಿತಳು. ಎಡಗೈ ಮಡಿಲಿನಿಂದ ಏಳಲಿಲ್ಲ. ಅದು ಗಟ್ಟಿ ಕೈ, ಕೊಡ ಎತ್ತುವ ಕೈ, ಆದರೂ ಒಂದು ತುತ್ತು ರೊಟ್ಟಿಗೆ ಏಳಲಿಲ್ಲ. ಕಣ್ಣಲ್ಲಿ ನೀರು ಬಂತು. ಬಸಲಿಂಗಪ್ಪ ಒಂದು ಗಳಿಗೆ ನೋಡಿದ. ತನ್ನ ತಾಟನ್ನೂ ತಂದು ಅವಳ ಎದುರು ಹಾಕಿಕೊಂಡು ಕುಳಿತ. ಬಲಗೈಯನ್ನು ಬೆನ್ನ ಹಿಂದೆ ಕಟ್ಟಿ, ಎಡಗೈಯಿಂದ ರೊಟ್ಟಿ ಮುರಿದು, ಅರ್ಧ ಪಲ್ಲೆ ಮೀಸೆಗೆ ಅರ್ಧ ಬಾಯಿಗೆ ಹಾಕಿಕೊಂಡ.

ಹಿರಿಯರೊಬ್ಬರು ಉಣ್ಣುವುದನ್ನು ನಿಲ್ಲಿಸಿ, ಏನಪ್ಪ ಬಸಲಿಂಗ, ಬುದ್ಧಿ ನೆಟ್ಟಗೈತೇನು ಎಂದು ಕೇಳಿದರು. ಬಸಲಿಂಗಪ್ಪ ಅವರಿಗೆ ಉತ್ತರ ಕೊಡದೆ ಹೆಂಡತಿಗೆ ಹೇಳಿದ.

“ರುಚಿ ಅದೇ ಐತಿ. ನೋಡ ಬೇಕಾದ್ರ.”

ಅವಳು ಉಂಡಳು. ಮೊದಲ ತುತ್ತನ್ನು ಕಣ್ಣು ಮುಚ್ಚಿ ನುಂಗಿದಳು, ಎರಡನೆಯದನ್ನು ಅಗಿದು ಉಂಡಳು. ಎದ್ದು ಹೋದ ಗಿರಾಕಿಗಳು ಇಬ್ಬರೋ ಮೂವರೋ. ಉಳಿದವರು ತಲೆ ತಗ್ಗಿಸಿ ಉಂಡರು. ಅಂದು ಮಧ್ಯಾಹ್ನದ ನಿದ್ದೆಯಲ್ಲಿ ಅವಳ ಬಲಗೈ ಗಾಳಿಯೊಳಗಿನ ತಾಟಿನಿಂದ ಏನನ್ನೋ ಎತ್ತಿ ಬಾಯಿಯ ಕಡೆಗೆ ಹೊರಟು ನಡುದಾರಿಯಲ್ಲಿ ತಡವರಿಸಿತು. ವಾರ ಕಳೆಯುವುದರೊಳಗೆ ಎಚ್ಚರದಲ್ಲೇ ಅದಕ್ಕೆ ಬಾಯಿಯ ದಾರಿ ಸಿಕ್ಕಿತು. ಬಸಲಿಂಗಪ್ಪನಿಗೆ ಇನ್ನು ಉಣಿಸುವ ಕೆಲಸವಿರಲಿಲ್ಲ. ಇಬ್ಬರಿಗೂ ಅದು ಸ್ವಲ್ಪ ಬೇಸರದ ಸಂಗತಿಯೇ ಆಯಿತು. ಆಮೇಲೆ ಗಿರಾಕಿಗಳಿಗೂ ಎಡಗೈಯಿಂದ ನೀಡಿದಳು, ಪ್ರತಿಯೊಬ್ಬರ ಮುಂದೆ ತಪ್ಪಾಯಿತೆಂದು ತಲೆ ಬಾಗಿಸುತ್ತ. ಬಲಗೈ ನೀಡುವುದನ್ನೂ ಕಲಿಯಿತು. ಆದರೆ ತಾಟಿಗೆ ಹಾಕುವುದು ಬೇರೆ, ಉಡಿ ತುಂಬುವುದು ಬೇರೆ. ಅಕ್ಕಿಯ ಪರಾತ ಮುಂದಿಟ್ಟರೆ ಬಲಗೈ ಅದನ್ನು ಪಲ್ಲೆಯ ಹಾಗೆ ಬಡಿಸಿ ಸುಮ್ಮನಾಗುತ್ತಿತ್ತು. ಒಣಗುವ ದಿನಗಳು ಹತ್ತಿರ ಬಂದವು.

ಶಾಹಿನಾ ಹೇಳಿ ಕಳಿಸಿದ್ದಕ್ಕೆ ಕಸ್ತೂರಿ ರೋಣದಿಂದ ಬಂದಳು. ತುಂಬಿದ ಬಸುರಿ, ಮೆಟ್ಟಿಲು ಹತ್ತಿ ಬಂದವಳು ತಾಯಿಯ ಮಂಚದ ಮೇಲೇ ಕುಳಿತಳು. ವಿಷಯ ಕೇಳಿ ಸೆರಗನ್ನು ಮುಂದೆ ಹಿಡಿದಳು, ತುಂಬು ಎಂದಳು. ಸಾವಂತ್ರೆವ್ವ ಮುಖ ತಿರುಗಿಸಿದಳು. ಉಣ್ಣು ಎಂದಿರಿ ಉಂಡೆ, ನೀಡು ಎಂದಿರಿ ನೀಡಿದೆ. ಎಷ್ಟು ವರ್ಷಕ್ಕೆ ಬಂದ ಬಸುರು, ಅದಕ್ಕೆ ಎಡಗೈಯಲ್ಲಿ ಉಡಿ ತುಂಬಿ ಕೂಸಿಗೆ ಏನಾದರೂ ಆದರೆ ನಾನು ಬದುಕಿರುವುದಿಲ್ಲ ಎಂದಳು. ಬಲಗೈ ಹೋದರೆ ಹೋಗಲಿ, ಕುಬಸದ ದಿನ ಯಾವಳಾದರೂ ಮುತ್ತೈದೆ ತುಂಬಲಿ. ಅವಳ ಹೆದರಿಕೆ ಸುಳ್ಳಿನದಾಗಿರಲಿಲ್ಲ. ಶಾಹಿನಾ ಬಾಗಿಲ ಹತ್ತಿರ ಸರಿದು ನಿಂತಳು.

ಕಸ್ತೂರಿ ತಾಯಿಯ ಎಡಗೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಉಜ್ಜಿ ಉಜ್ಜಿ ಅಂಗೈ ಒರಟಾಗಿತ್ತು.

“ಯವ್ವಾ, ನಾ ಸಣ್ಣಾಕಿ ಇದ್ದಾಗ ನೀ ಬಲಗೈಲೆ ಊರ ಮಂದಿಗೆಲ್ಲಾ ನೀಡ್ತಿದ್ದಿ,” ಎಂದಳು. “ನಾ ಎಲ್ಲಿರ್ತಿದ್ನಿ ಆಗ?”

ಕಸ್ತೂರಿ ಆ ಅಂಗೈಯನ್ನು ಬಿಡಿಸಿ ಹಿಡಿದಳು.

“ಈ ಕೈಯಾಗಿರ್ತಿದ್ನಿ. ಎಡಗಡೆ ಬಗಲಾಗ ಹೊತ್ತ್ಕೊಂಡ ತಿರಗ್ತಿದ್ದಿ ನೀ. ತೊಳದಿದ್ದೂ ಈ ಕೈನ, ಬಿದ್ರ ಹಿಡದಿದ್ದೂ ಈ ಕೈನ. ನಿನ್ನ ಬಲಗೈ ಊರಿಗೆಲ್ಲಾ ಗೊತ್ತ ಯವ್ವಾ. ನಂಗ ಗೊತ್ತಿದ್ದದ್ದು ಇದು.”

ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ಮೌಲಾಸಾಬರು ತಮ್ಮ ಮಂಚದ ಮೇಲೆ ಆಚೆ ಮಗ್ಗುಲಾಗಿ ಮಲಗಿದರು, ಅಳು ಕಾಣಬಾರದೆಂದು. ಸಾವಂತ್ರೆವ್ವ ತನ್ನ ಎಡಗೈಯನ್ನೇ ನೋಡುತ್ತ ಕುಳಿತಳು. ಬಗಲಲ್ಲಿ ಕೂತ ಆ ಹುಡುಗಿಯ ಭಾರ, ಬೆವರಿದ ಸಣ್ಣ ಮೈಯ ಬಿಸಿ ಅವಳಿಗೆ ನೆನಪಾಯಿತು. ತಲೆಗಿಂತ ಮೊದಲು ತೋಳಿಗೆ ನೆನಪಾಯಿತು. ಇಷ್ಟು ವರ್ಷ ಈ ಕೈಗೆ ಒಂದು ಒಳ್ಳೆಯ ಮಾತು ಹೇಳಿದವಳಲ್ಲ ತಾನು ಎಂದು ದುಃಖವಾಯಿತು.

ಅಕ್ಕಿ ತರಿಸಿದರು. ಸಾವಂತ್ರೆವ್ವ ಕಣ್ಣು ಮುಚ್ಚಿ ಮನೆದೇವರನ್ನು ನೆನೆದು, ಎಡಗೈ ತುಂಬ ಅಕ್ಕಿ ತೆಗೆದುಕೊಂಡು ಮಗಳ ಸೆರಗಿಗೆ ಹಾಕಿದಳು. ಐದು ಸಲ ಹಾಕಿದಳು. ಉತ್ತತ್ತಿ, ಅರಿಷಿಣದ ಬೇರು, ಕೊಬ್ಬರಿ ಬಟ್ಟಲು ಇಟ್ಟಳು. ಕುಂಕುಮ ಹಚ್ಚಿದಳು. ಕೊನೆಗೆ, ಇದನ್ನು ಮಾಡುತ್ತೇನೆಂದು ಅವಳು ಅಂದುಕೊಂಡೇ ಇರಲಿಲ್ಲ, ಆ ಕೈ ತಾನಾಗಿ ಹೋಗಿ ಕಸ್ತೂರಿಯ ತಲೆಯ ಮೇಲೆ ಕುಳಿತಿತು. ಪಕ್ಕದ ಕೋಣೆಯ ಗೋಡೆಯ ಮೇಲೆ ಗೆರೆಗಳು ಸೇತುವೆಗೆ ಬಂದು, ನಿಲ್ಲದೆ ದಾಟಿ ಹೋದವೆಂದು ಶಾಹಿನಾ ಆಮೇಲೆ ಹೇಳಿದಳು.

ಮಧ್ಯಾಹ್ನವಾಯಿತು. ಪರದೆಗಳು ಇಳಿದವು. ಸಾವಂತ್ರೆವ್ವನಿಗೆ ಜೊಂಪು ಹತ್ತಿತು, ಮತ್ತೆ ಅದೇ ಹರಿಯುವ ನೀರು ಬಂತು. ಈ ಸಲ ನೀರಿನ ತಳದಲ್ಲಿ ಅಕ್ಕಿ ಹೊಳೆಯುತ್ತಿತ್ತು. ಅವಳು ಬಗ್ಗಿ ತೆಗೆದಳು. ಯಾವ ಕೈಯಿಂದ ಎಂದು ನೋಡಲಿಲ್ಲ. ದಂಡೆಯ ಮೇಲೆ ಯಾರೋ ಸೆರಗು ಹಿಡಿದು ಕುಳಿತಿದ್ದರು, ಒಮ್ಮೆ ಮಗಳಾಗಿ ಕಂಡರು, ಒಮ್ಮೆ ಅತ್ತೆಯಾಗಿ, ಒಮ್ಮೆ ಇನ್ನೂ ಮುಖ ಮೂಡದ ಕೂಸಾಗಿ. ಅವಳು ತುಂಬಿದಳು. ತೆಗೆದಷ್ಟೂ ಅಕ್ಕಿ ಇತ್ತು. ಸುತ್ತಲೂ ಗಾಳಿಯಲ್ಲಿ ಯಾರ್ಯಾರದೋ ಕೈಗಳು ತಮ್ಮ ತಮ್ಮ ಕೆಲಸ ಮಾಡುತ್ತಿದ್ದವು, ಕತ್ತರಿ ಆಡಿಸುವ ಕೈ, ಬರೆಯುವ ಕೈ, ಯಾವ ಕೈಗೂ ಅವಸರವಿರಲಿಲ್ಲ.

ಎಚ್ಚರವಾದಾಗ ಕಸ್ತೂರಿ ಮಂಚದ ಪಕ್ಕದಲ್ಲೇ ಕುಳಿತಿದ್ದಳು. ಬೆಳಗಿನ ಉಡಿಯ ಅಕ್ಕಿಯನ್ನು ಆಗಲೇ ಒಂದು ಅರಿವೆಯಲ್ಲಿ ಕಟ್ಟಿ ಪಕ್ಕಕ್ಕಿಟ್ಟಿದ್ದಳು. ಆದರೂ ಸೆರಗಿಗೆ ಮತ್ತೆ ಗಂಟು ಹಾಕಿದ್ದಳು. ಗಂಟಿನೊಳಗೆ ಏನೂ ಇರಲಿಲ್ಲ, ಬಟ್ಟೆ ಸಪಾಟಾಗಿತ್ತು. ಅದನ್ನೇ ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು.

“ಏನ ಕಟ್ಟೀದಿ ಅದರಾಗ?” ಎಂದು ಸಾವಂತ್ರೆವ್ವ ಕೇಳಿದಳು.

“ನೀ ನಿದ್ದ್ಯಾಗ ತುಂಬಿದ್ದು,” ಎಂದಳು ಕಸ್ತೂರಿ. “ಐದು ಸಲ ತುಂಬೀದಿ. ಚೆಲ್ಲಬಾರದಂತ ಕಟ್ಟೀನಿ.”

ಸಾವಂತ್ರೆವ್ವನಿಗೆ ಪೂರ್ತಿ ಎಚ್ಚರವಾಗಿತ್ತು, ಪರದೆಯ ಸಂದಿಯಿಂದ ಬಿಸಿಲು ಕಾಣುತ್ತಿತ್ತು, ಬಸಲಿಂಗಪ್ಪನ ಬುತ್ತಿಯ ವಾಸನೆ ಬರುತ್ತಿತ್ತು. ಹಾಸಿಗೆಯ ಮೇಲಿಂದ ಕೈಯೊಂದು ಎದ್ದಿತು. ಮೆಲ್ಲಗೆ, ತಡವರಿಸುತ್ತ, ಆದರೆ ದಾರಿ ತಪ್ಪದೆ ಹೋಗಿ ಮಗಳ ತಲೆಯನ್ನು ಮುಟ್ಟಿತು. ಅಲ್ಲೇ ಕೂದಲ ಮೇಲೆ ನಿಂತಿತು.

ಕಸ್ತೂರಿ ಕಣ್ಣು ತೆರೆಯಲಿಲ್ಲ.

“ಯಾವ ಕೈ ಯವ್ವಾ?” ಎಂದು ಕೇಳಿದಳು.

ಸಾವಂತ್ರೆವ್ವ ನೋಡಿದಳು.

“ನನ್ನ ಕೈ,” ಎಂದಳು.